ಪಾಳಿ ಪುಟಕ್ಕೆ ಜೋಡಿ ಯಾರು

ನಾನು ವೆಬ್‌ಸೈಟ್ ಮಾಡಿಕೊಡುವವಳು. ಯಾವ ಕಂಪನಿಯಲ್ಲೂ ಇಲ್ಲ, ಕೆಲಸ ಕೊಟ್ಟವರಿಗೆ ಮಾಡಿಕೊಟ್ಟು ಮುಂದಿನವರನ್ನು ಹುಡುಕಿಕೊಳ್ಳುತ್ತೇನೆ. ಸಾಮಾನ್ಯವಾಗಿ ಮನೆಯಲ್ಲೇ ಕೂತು ಮುಗಿಸುತ್ತೇನೆ. ಆ ಊರಿಗೆ ಮಾತ್ರ ಹೋಗಬೇಕಾಯಿತು, ಏಕೆಂದರೆ ಅಲ್ಲಿನ ಡಯಾಲಿಸಿಸ್ ಕೇಂದ್ರವನ್ನು ನೋಡಿಕೊಳ್ಳುತ್ತಿದ್ದ ಶಿವಗಂಗಾ ಸಿಸ್ಟರ್ ಫೋನಿನಲ್ಲಿ ಒಂದೇ ಮಾತು ಹಿಡಿದಿದ್ದರು: ಬಂದು ನೋಡಿ, ಆಮೇಲೆ ಮಾಡಿ.

ಹೋಗಿ ನೋಡಿದೆ. ಉದ್ದನೆಯ ಒಂದು ಹಾಲ್, ಯಂತ್ರಗಳ ಪಕ್ಕದಲ್ಲಿ ಒರಗುಕುರ್ಚಿಗಳು, ಎದುರು ಗೋಡೆಗೆ ಒಂದು ಟಿ.ವಿ. ಸುತ್ತಲಿನ ಹಳ್ಳಿಗಳವರೆಲ್ಲ ಅಲ್ಲಿಗೇ ಬರಬೇಕು. ಒಬ್ಬೊಬ್ಬರೂ ವಾರಕ್ಕೆ ಎರಡು ಸಲ ಬಂದು, ನಾಲ್ಕು ತಾಸು ಯಂತ್ರಕ್ಕೆ ಕೈಯೊಡ್ಡಿ ಮಲಗುತ್ತಾರೆ. ಪಾಳಿ ಗೊತ್ತುಮಾಡಿದ್ದರೂ ಅದು ನಿಲ್ಲುವುದಿಲ್ಲ. ಒಬ್ಬರ ಮನೆಯಲ್ಲಿ ನಿಶ್ಚಿತಾರ್ಥ, ಇನ್ನೊಬ್ಬರಿಗೆ ಬಸ್ಸಿಲ್ಲ, ಮತ್ತೊಬ್ಬರಿಗೆ ಸುಗ್ಗಿ. ನನ್ನ ಪಾಳಿ ಅವರಿಗೆ ಕೊಡಿ, ಅವರದು ನನಗೆ ಕೊಡಿ ಎಂದು ದಿನವಿಡೀ ಸಿಸ್ಟರ್ ಫೋನ್ ಬಡಿದುಕೊಳ್ಳುತ್ತಿತ್ತು. ರೋಗಿಗಳೇ ತಮ್ಮ ಪಾಳಿ ನೋಡಿಕೊಂಡು ತಾವೇ ಬದಲಾಯಿಸಿಕೊಳ್ಳುವಂಥ ಒಂದು ಪುಟ ಬೇಕು, ಮೊಬೈಲಿನಲ್ಲೂ ಕಾಣಬೇಕು, ಈ ಟಿ.ವಿ.ಯಲ್ಲೂ ಕಾಣಬೇಕು ಎಂದರು.

ಯಾವುದರಲ್ಲಿ ಮಾಡಬೇಕು ಎಂಬುದನ್ನು ನಾನು ಬಸ್ಸಿಳಿಯುವ ಮೊದಲೇ ತೀರ್ಮಾನಿಸಿದ್ದೆ. ನಮ್ಮ ಕೆಲಸದಲ್ಲಿ ಎಲ್ಲವನ್ನೂ ಮೊದಲಿನಿಂದ ಬರೆಯುವುದಿಲ್ಲ. ಫ್ರೇಮ್‌ವರ್ಕ್ ಅಂತ ಇರುತ್ತದೆ, ಅರ್ಧ ಕೆಲಸ ಮೊದಲೇ ಮಾಡಿಟ್ಟ ಚೌಕಟ್ಟು. ಉಳಿದರ್ಧ ನಾವು ತುಂಬುತ್ತೇವೆ. ಹಳೆಯವು ಎಷ್ಟೋ ಇವೆ, ವರ್ಷಕ್ಕೊಂದು ಹೊಸದು ಬರುತ್ತದೆ. ಆಗ ಬಂದಿದ್ದುದು ಓರಿಯೋಲ್. ಅದರಲ್ಲಿ ಒಬ್ಬರು ಪಾಳಿ ಬದಲಿಸಿದರೆ ಎಲ್ಲರ ಮೊಬೈಲಿನಲ್ಲೂ ಆ ಕ್ಷಣವೇ ಹೆಸರು ಸರಿದು ಜಾಗ ಬದಲಾಗುತ್ತದೆ. ನನಗೆ ಅದರ ಮೇಲೆ ಮೋಹವೇ ಆಗಿತ್ತು. ಅದನ್ನೆಲ್ಲ ಸಿಸ್ಟರ್‌ಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಇದಕ್ಕ ಜೋಡಿ ಯಾರ್ರಿ?" ಎಂದರು.

ಸಹಾಯಕರ ವಿಷಯ ಕೇಳುತ್ತಿದ್ದಾರೆ ಅಂದುಕೊಂಡು, ನಾನು ಒಬ್ಬಳೇ ಮಾಡುತ್ತೇನೆ, ಯಾರ ಮೇಲೂ ಅವಲಂಬಿಸುವುದಿಲ್ಲ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಸಿಸ್ಟರ್ ನನ್ನ ಮುಖ ನೋಡಿ, "ಹಂಗಾದ್ರ ಅದು ನಡಿಯೂದಿಲ್ರಿ" ಎಂದು ಮೆಲ್ಲಗೆ ಹೇಳಿ, ಚಹಾ ತರಿಸಿದರು.

ನಡೆಯಲಿಲ್ಲ. ಮನೆಗೆ ಹಿಂತಿರುಗಿ, ಪುಟ ಸಿದ್ಧಮಾಡಿ, ಎಲ್ಲ ಪರೀಕ್ಷೆ ಮಾಡಿ, ಮತ್ತೆ ಆ ಊರಿಗೆ ಬಂದು ಹಾಲಿನ ಟಿ.ವಿ.ಗೆ ಹಾಕಿದರೆ ಬರೀ ಬಿಳಿ. ನನ್ನ ಮೊಬೈಲಿನಲ್ಲೂ ಬಿಳಿ. ಯಾವ ತಪ್ಪೂ ತೋರಿಸುತ್ತಿಲ್ಲ. ಬೇರೆ ಊರಿನ ಗೆಳತಿಗೆ ಫೋನ್ ಮಾಡಿದೆ. ಅವಳಿಗೆ ಚೆನ್ನಾಗಿಯೇ ತೆರೆದುಕೊಳ್ಳುತ್ತಿತ್ತು. ಕೊನೆಗೆ ಆಟೊ ಹಿಡಿದು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಊರಾಚೆಯ ಸೇತುವೆ ದಾಟಿಸಿದೆ. ಸೇತುವೆ ದಾಟಿದ ಕೂಡಲೇ ಪಾಳಿ ಪುಟ ಕಣ್ಣುಬಿಟ್ಟಿತು. ಹಿಂದಕ್ಕೆ ಬಂದೆ, ಬಿಳಿ. ಆಟೊದವರು ನನ್ನ ಅವಸ್ಥೆ ನೋಡಿ, ಈ ಊರೊಳಗೆ ಯಾವ ವಸ್ತು ಓಡಬೇಕಾದರೂ ಅದು ಹೇಗೆ ಓಡುತ್ತದೆ ಅಂತ ಊರಿನಲ್ಲಿ ಇಬ್ಬರಿಗೆ ಗೊತ್ತಿರಬೇಕು, ಒಬ್ಬರಿಗೇ ಗೊತ್ತಿದ್ದರೆ ನಿಲ್ಲುತ್ತದೆ ಎಂದರು. ಬಸ್ಸಿನ ಹೊತ್ತು ತಿಳಿಸಿದ ಹಾಗೆ ಹೇಳಿದರು. ಅವರ ಆಟೊದ ಇಂಜಿನ್ನು ಅವರಿಗೂ ಗೊತ್ತು, ಹೆಂಡತಿಗೂ ಗೊತ್ತಂತೆ.

ಆಮೇಲೆ ಎಲ್ಲಿ ನೋಡಿದರೂ ಅದೇ ಕಾಣತೊಡಗಿತು. ಹಿಟ್ಟಿನ ಗಿರಣಿಯ ಇಬ್ಬರು ಬೀಗರು ಮಾತು ಬಿಟ್ಟು ಬಹಳ ಕಾಲವಾಗಿತ್ತು. ಗಿರಣಿ ತಿಳಿದವರು ಅವರಿಬ್ಬರೇ ಆದ್ದರಿಂದ ಒಬ್ಬರೂ ಊರು ಬಿಡುವಂತಿರಲಿಲ್ಲ. ಒಬ್ಬರಿಗೆ ಕೆಮ್ಮು ಬಂದರೆ ಇನ್ನೊಬ್ಬರು ಮೂರನೆಯವರ ಕೈಲಿ ಕಷಾಯ ಕಳಿಸುತ್ತಿದ್ದರು. ದರ್ಜಿಯ ಸೊಸೆ ಹೆರಿಗೆಗೆ ತವರಿಗೆ ಹೋದಾಗ ಹೊಲಿಗೆ ಯಂತ್ರ ನಿಂತು ಇಡೀ ಓಣಿಯ ರವಿಕೆಗಳು ಕಾದು ಕೂತವು. ಕೂಸಿನ ಜೊತೆ ಅವಳು ಬಸ್ಸಿಳಿದ ಹೊತ್ತಿಗೆ ಮಾವ ತುಳಿಯುತ್ತಿದ್ದ ಪೆಡಲು ತಿರುಗಿತಂತೆ. ಮಿಕ್ಸರ್ ಅಂಗಡಿಯಲ್ಲಿ ಬೆಲೆ ಹೇಳುವ ಮೊದಲು ಜೋಡಿ ಇದ್ದಾರಾ ಎಂದು ಕೇಳುತ್ತಿದ್ದರು. ಇಬ್ಬರು ತಿಳಿದವರಿಗೆ ಜೋಡಿ ಎಂದೇ ಹೆಸರು. ಜೋಡಿಯಾಗಿರುವುದು ಅಲ್ಲಿ ಮರ್ಯಾದೆಯ ಮಾತು.

ನನ್ನನ್ನು ಕಾಡಿದ್ದು ಬೇರೆ. ಗೊತ್ತಿರುವುದು ಅಂದರೆ ಎಷ್ಟು ಗೊತ್ತಿರಬೇಕು? ದರ್ಜಿಯ ಸೊಸೆಗೆ ಯಂತ್ರದ ಒಂದು ಭಾಗದ ಹೆಸರೂ ಬರುತ್ತಿರಲಿಲ್ಲ, ಆದರೆ ದಾರ ಯಾಕೆ ತುಂಡಾಗುತ್ತದೆಂದು ಹೇಳಬಲ್ಲವಳಾಗಿದ್ದಳು. ಅಷ್ಟು ಸಾಕೇ? ಈ ಪ್ರಶ್ನೆ ಕೇಳಿದಾಗಲೆಲ್ಲ ಜನ ನಕ್ಕು ತಮ್ಮ ಕೆಲಸಕ್ಕೆ ಹೊರಡುತ್ತಿದ್ದರು. ಅವರಿಗೆ ಅದು ಬೇಕಾಗಿರಲಿಲ್ಲ. ನನಗೆ ಬೇಕಿತ್ತು. ಕೆಲಸ ಬಿಟ್ಟು ಹೊರಡಬಹುದಾಗಿತ್ತು, ಆದರೆ ಅಲ್ಲೇ ಒಂದು ಕೋಣೆ ಹಿಡಿದೆ.

ಓರಿಯೋಲ್ ಕಲಿಯಲು ಯಾರಿಗೆ ಬಿಡುವಿದೆ? ಬಿಡುವಿದ್ದವರು ಯಂತ್ರದ ಪಕ್ಕದಲ್ಲಿ ಮಲಗಿದವರು ಮಾತ್ರ. ಕಿಟಕಿ ಬಳಿಯ ಕುರ್ಚಿಯಲ್ಲಿ ಕುಮುದಿನಿ ಟೀಚರ್ ಇರುತ್ತಿದ್ದರು. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದವರು, ಕಾಯಿಲೆ ಹೆಚ್ಚಾದ ಮೇಲೆ ಬಿಟ್ಟಿದ್ದರು. ಎಡಗೈಗೆ ಕೊಳವೆ, ಬಲಗೈ ಖಾಲಿ. ನನ್ನ ಲ್ಯಾಪ್‌ಟಾಪಿನತ್ತ ಬಗ್ಗಿ ನೋಡಿ, ಏನು ಬರೆಯುತ್ತಿದ್ದೀರಿ ಎಂದು ಅವರೇ ಕೇಳಿದರು. ಅವತ್ತೇ ಪಾಠ ಶುರುವಾಯಿತು. ಹೇಳಿದ್ದನ್ನು ಅವರು ಹಾಗೇ ಒಪ್ಪಿಕೊಳ್ಳುವವರಲ್ಲ. ಇಲ್ಲಿ ಹೆಸರು ತಾನಾಗಿಯೇ ಬದಲಾಗುತ್ತದೆ ಎಂದು ನಾನು ಅಂದರೆ, ತಾನಾಗಿಯೇ ಅಂದರೆ ಏನು, ಯಾರು ಬದಲಾಯಿಸುತ್ತಾರೆ ಎಂದು ಹಿಡಿದು ನಿಲ್ಲಿಸುತ್ತಿದ್ದರು. ಎಷ್ಟೋ ಕಡೆ ನನಗೇ ಉತ್ತರ ಗೊತ್ತಿರಲಿಲ್ಲ. ಕೋಣೆಗೆ ಹೋಗಿ ಓರಿಯೋಲಿನ ಒಳಗನ್ನು ಬಗೆದು ನೋಡಿ, ಮುಂದಿನ ಪಾಳಿಗೆ ಉತ್ತರ ತರುತ್ತಿದ್ದೆ.

ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ, ಒಬ್ಬರ ಪಾಳಿ ಇನ್ನೊಬ್ಬರಿಗೆ ಹೇಗೆ ಹೋಗುತ್ತದೆ ಎಂಬುದನ್ನು ಟೀಚರ್ ನನಗೇ ತಿರುಗಿ ಹೇಳುತ್ತಿದ್ದರು. ಎರಡನೆಯವರು ಒಪ್ಪುವ ತನಕ ಹೆಸರನ್ನು ಎಲ್ಲಿ ಹಿಡಿದಿಟ್ಟಿರುತ್ತದೆ ಎಂಬಲ್ಲಿಗೆ ಬಂದಾಗ ಎದುರಿನ ಟಿ.ವಿ. ಹೊತ್ತಿಕೊಂಡಿತು. ಹೆಸರುಗಳೆಲ್ಲ ಸಾಲಾಗಿ ಬಂದವು. ಹಾಲಿನಲ್ಲಿದ್ದವರು ತಲೆಯೆತ್ತಿ ತಮ್ಮ ತಮ್ಮ ಹೆಸರು ಹುಡುಕಿದರು. ಅಲ್ಲೇ ಮಲಗಿದ್ದ, ಕುರಿ ಸಾಕುವ ಫಕೀರಪ್ಪಜ್ಜ ತನ್ನ ಹೆಸರನ್ನು ಗಟ್ಟಿಯಾಗಿ ಓದಿದ. ಟೀಚರ್ ಒಂದು ಗುಟುಕು ನೀರು ಕೇಳಿದರು. ಆ ಕಾಯಿಲೆಯವರಿಗೆ ನೀರು ಅಳೆದು ಕೊಡುವ ವಸ್ತು. ಸಿಸ್ಟರ್ ಎರಡು ಗುಟುಕು ಕೊಟ್ಟರು.

ಆದರೆ ಅವತ್ತು ಸಂಜೆ ಸಿಸ್ಟರ್ ನನ್ನನ್ನು ಔಷಧ ಇಡುವ ಕೋಣೆಗೆ ಕರೆದು, "ಟೀಚರನ್ನ ಜೋಡಿ ಅಂತ ಇಟ್ಕೋಬ್ಯಾಡ್ರಿ" ಎಂದರು. ವಾಸಿಯಾಗದ ಕಾಯಿಲೆಯವರನ್ನು ಆ ಊರಿನಲ್ಲಿ ಒಂದೊಂದೇ ಜೋಡಿಯಿಂದ ಬಿಡಿಸುತ್ತಾರೆ. ಅದಕ್ಕೆ ಹಗುರ ಮಾಡುವುದು ಎನ್ನುತ್ತಾರೆ. ಅವರ ಜಾಗಕ್ಕೆ ಬೇರೊಬ್ಬರನ್ನು ತಯಾರು ಮಾಡಿ, ಇನ್ನು ನೀವು ಆರಾಮಾಗಿರಿ ಎಂದು ಹೇಳುತ್ತಾರೆ. ಕಾಲೇಜಿನ ಪ್ರಯೋಗಾಲಯದ ತಕ್ಕಡಿಯಿಂದ, ಓಣಿಯ ನೀರಿನ ಪಂಪಿನಿಂದ, ತಮ್ಮನ ಸ್ಕೂಟರಿನಿಂದ, ಎಲ್ಲದರಿಂದಲೂ ಟೀಚರನ್ನು ಹಗುರ ಮಾಡಿಯಾಗಿತ್ತು.

ನಾನು ಹೇಳುವ ಮೊದಲೇ ಅವರಿಗೆ ತಿಳಿದಿತ್ತು. ಮರುಪಾಳಿಗೆ ಬಂದವರು ಕೈಗೆ ಸೂಜಿ ಚುಚ್ಚಿಸಿಕೊಳ್ಳುತ್ತಲೇ, ಸಿಸ್ಟರ್ ಕರೆದು ಹೇಳಿದರಲ್ಲವೇ ಎಂದು ಕೇಳಿದರು. ಹೌದೆಂದೆ.

"ಅವರದೇನೂ ತಪ್ಪಿಲ್ಲ ಬಿಡು. ಎಲ್ಲಾರೂ ಸೇರಿ ನನ್ನ ಹಗುರ ಮಾಡ್ಕೋತ ಬಂದಾರ. ಈಗ ಎಷ್ಟ ಹಗುರಾಗೇನಿ ಅಂದ್ರ, ಗಾಳಿ ಬೀಸಿದ್ರ ಕಿಟಕಿ ಹಿಡಕೋಬೇಕ ಅನಸ್ತೈತಿ" ಎಂದು ನಕ್ಕರು. ಆಮೇಲೆ ನಗದೆ, "ಇದೊಂದರಾಗ ಇರ್ತೀನಿ" ಎಂದರು.

ನಾನು ಅವರನ್ನು ಬಿಡಿಸಲಿಲ್ಲ. ಪುಟ ಓಡುತ್ತಲೇ ಇತ್ತು. ಜನರಿಗೆ ರೂಢಿಯಾಯಿತು, ಸಿಸ್ಟರ್ ಫೋನಿನಲ್ಲಿ ಪಾಳಿ ಹೇಳುವುದನ್ನೇ ನಿಲ್ಲಿಸಿದರು. ಅಷ್ಟರಲ್ಲಿ ಟೀಚರ್‌ಗೆ ಜ್ವರ ಬಂತು. ಕೊಳವೆ ಹಾಕುವ ಜಾಗದಲ್ಲಿ ಸೋಂಕು. ಅವರನ್ನು ದೂರದ ದೊಡ್ಡಾಸ್ಪತ್ರೆಗೆ ಕರೆದೊಯ್ದ ಗಾಡಿ ಸೇತುವೆ ದಾಟಿದ ಹೊತ್ತಿಗೆ ಟಿ.ವಿ. ಬಿಳಿಯಾಯಿತು.

ಪಾಳಿಗಳು ಯಾರಿಗೂ ನೆನಪಿರಲಿಲ್ಲ. ನೆನಪಿಡುವ ಅಗತ್ಯವನ್ನೇ ನಾನು ತೆಗೆದುಹಾಕಿದ್ದೆ. ಸೇತುವೆಯಾಚೆ ಹೋಗಿ ಪಾಳಿ ಬರೆದು ತರುವುದು ನನಗೆ ಹೊಳೆಯುವಷ್ಟರಲ್ಲಿ ಕೆಲವರು ಬಂದು ಕಾದು ಹಿಂತಿರುಗಿದ್ದರು. ಇನ್ನೂ ಕೆಲವರು ಬರಲೇ ಇಲ್ಲ. ಫಕೀರಪ್ಪಜ್ಜ ಆ ವಾರವಷ್ಟೇ ಪಾಳಿ ಬದಲಿಸಿಕೊಂಡಿದ್ದ. ಹೊಸ ದಿನ ಯಾವುದೆಂದು ಮೊಬೈಲ್ ನೋಡಿದರೆ ಏನೂ ಕಾಣದೆ, ಮುಂದಿನ ವಾರವಿರಬೇಕು ಎಂದು ಸೇತುವೆಯ ಈಚೆಗಿನ ತನ್ನ ಹಳ್ಳಿಯಲ್ಲೇ ಉಳಿದ. ಅವನನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ತಂದಾಗ ಕಾಲು ಬಾತು, ಉಸಿರು ಮೇಲೆ ಮೇಲೆ ಓಡುತ್ತಿತ್ತು. ಸಿಸ್ಟರ್ ಯಾರನ್ನೋ ಎಬ್ಬಿಸಿ ಅವನಿಗೆ ಯಂತ್ರ ಬಿಡಿಸಿಕೊಟ್ಟರು. ಬದುಕಿದ. ನನ್ನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಅಜ್ಜನ ಹೆಂಡತಿ ನಾನು ಊಟ ಮಾಡಿದೆನೋ ಇಲ್ಲವೋ ಎಂದು ಎರಡು ಸಲ ವಿಚಾರಿಸಿದಳು.

ಮಾರನೆಯ ದಿನ ನಾನು ಬಸ್‌ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ಸೆಂಟರಿಗೆ ಹೋದೆ. ಅದನ್ನು ನಡೆಸುತ್ತಿದ್ದ ದಸ್ತಗೀರ್ ಮದುವೆ ಕಾರ್ಡು, ಅರ್ಜಿ ನಮೂನೆ ಅಂತ ಯಾವಾಗಲೂ ಕೆಲಸದಲ್ಲಿ ಮುಳುಗಿರುವವರು. ಓರಿಯೋಲ್ ಕಲಿಯುತ್ತೀರಾ ಎಂದು ಕೇಳಿದೆ. ಅವರು ಪ್ರಿಂಟರಿನಿಂದ ಕಣ್ಣೆತ್ತಲಿಲ್ಲ.

"ಹೊಸದು ಕಲಿಯೂ ಹುರುಪು ನನಗಿಲ್ರಿ ಮೇಡಂ. ಜಾಂಗೊ ಗೊತ್ತೈತಿ, ಹಿಂದ ಒಂದು ಬೀಜದ ಕಂಪನಿಗೆ ಮಾಡಿಕೊಟ್ಟೀನಿ. ಅದರಾಗ ಮಾಡಿದ್ರ ನಾ ನಿಮ್ಮ ಬೆನ್ನಿಗೆ ನಿಲ್ಲತೀನಿ."

ಜಾಂಗೊ ಹಳೆಯ ಫ್ರೇಮ್‌ವರ್ಕ್. ನನಗೂ ಬರುತ್ತಿತ್ತು, ಕಲಿತ ಹೊಸದರಲ್ಲಿ ಅದರಲ್ಲೇ ಕೆಲಸ ಮಾಡಿದ್ದೆ. ಆಮೇಲೆ ಬಿಟ್ಟಿದ್ದೆ. ಅದರಲ್ಲಿ ಮಾಡಿದರೆ ಹೆಸರು ಕಣ್ಣೆದುರೇ ಸರಿದು ಹೋಗುವ ಚಂದವಿಲ್ಲ, ಪುಟವನ್ನು ಇನ್ನೊಮ್ಮೆ ತೆರೆದು ನೋಡಬೇಕು. ಒಪ್ಪಲು ಮನಸ್ಸಾಗಲಿಲ್ಲ. ಅಲ್ಲದೆ ನಾನು ಊರು ಬಿಟ್ಟ ದಿನ ದಸ್ತಗೀರ್ ಒಬ್ಬರೇ ಆಗುತ್ತಾರೆ. ಇನ್ನೊಬ್ಬರು ಹೇಗಿದ್ದರೂ ಬೇಕು.

ಟೀಚರ್ ಹಿಂತಿರುಗಿದಾಗ ತುಂಬಾ ಇಳಿದುಹೋಗಿದ್ದರು. ಅಜ್ಜನ ವಿಷಯ ಅವರಿಗೆ ಯಾರೋ ಹೇಳಿದ್ದರು. ನಾನು ಒಂದೇ ಕೆಲಸವನ್ನು, ಇಬ್ಬರು ಪಾಳಿ ಬದಲಿಸಿಕೊಳ್ಳುವುದನ್ನು, ಎರಡೂ ಫ್ರೇಮ್‌ವರ್ಕಿನಲ್ಲಿ ಬರೆದು ಅವರ ಮುಂದಿಟ್ಟೆ. ನನಗೆ ಆರಿಸಲಾಗುತ್ತಿಲ್ಲ ಎಂದು ಇದ್ದುದನ್ನು ಇದ್ದ ಹಾಗೆ ಹೇಳಿದೆ. ಓರಿಯೋಲ್ ಆದರೆ ನೀವು ಮತ್ತು ನಾನು. ಜಾಂಗೊ ಆದರೆ ದಸ್ತಗೀರ್ ಇದ್ದಾರೆ, ನೀವು ಹೊಸದಾಗಿ ಕಲಿಯಬೇಕು, ಇಷ್ಟು ದಿನ ಕಲಿತದ್ದು ಬಹಳಷ್ಟು ವ್ಯರ್ಥ. ಅವರು ಆ ಪಾಳಿ ಪೂರ್ತಿ ಎರಡನ್ನೂ ಓದಿದರು, ಬಲಗೈಯ ಒಂದೇ ಬೆರಳಿನಲ್ಲಿ ಪುಟ ಸರಿಸುತ್ತಾ.

ಆಮೇಲೆ ನನ್ನ ಕಡೆ ತಿರುಗದೆ ಪಕ್ಕದ ಕುರ್ಚಿಯ ನೀಲವ್ವನ ಕಡೆ ತಿರುಗಿದರು. ನೀಲವ್ವನಿಗೆ ಬಳೆ ಅಂಗಡಿ. ಕಂಪ್ಯೂಟರ್ ಮುಟ್ಟಿದವಳಲ್ಲ. ಟೀಚರ್ ಮೊದಲು ಜಾಂಗೊದಲ್ಲಿ ಬರೆದದ್ದನ್ನು ಒಂದೊಂದು ಸಾಲೂ ಕನ್ನಡ ಮಾಡಿ ಓದಿದರು. ಕೇಳಿದವರು ಯಾರು ನೋಡು, ಕೊಡುವವರು ಯಾರು ನೋಡು, ಕೊಡುವವರು ಒಪ್ಪಿದ್ದರೆ ಎರಡೂ ಹೆಸರು ಅದಲುಬದಲು ಮಾಡು, ಒಪ್ಪದಿದ್ದರೆ ಇದ್ದ ಹಾಗೆ ಬಿಡು. ನೀಲವ್ವ ಕಣ್ಣು ಮುಚ್ಚಿ ಕೇಳಿ, ಒಂದೇ ಪಾಳಿಯನ್ನು ಇಬ್ಬರು ಒಂದೇ ಗಳಿಗೆಯಲ್ಲಿ ಕೇಳಿದರೆ ಯಾರಿಗೆ ಹೋಗುತ್ತದೆ ಎಂದು ಪ್ರಶ್ನೆ ಹಾಕಿದಳು. ನಾನು ಅದನ್ನು ಬರೆದೇ ಇರಲಿಲ್ಲ. ಓರಿಯೋಲಿನದನ್ನು ಓದುವಾಗ ಮಾತ್ರ ಟೀಚರ್ ಮತ್ತೆ ಮತ್ತೆ ನಿಂತರು. ಇದನ್ನು ಯಾರು ಮಾಡುತ್ತಾರೆ ಎಂದು ನೀಲವ್ವ ಕೇಳಿದಾಗಲೆಲ್ಲ, ಅದು ತಾನೇ ಮಾಡಿಕೊಳ್ಳುತ್ತದೆ ಎನ್ನಬೇಕಾಗುತ್ತಿತ್ತು. ತಾವು ನನ್ನಿಂದ ಒಪ್ಪಿಕೊಳ್ಳದ ಉತ್ತರವನ್ನು ತಾವೇ ಕೊಡುತ್ತಿರುವುದು ಅವರಿಗೆ ಹೊಳೆದಿರಬೇಕು, ಓದುವುದನ್ನು ನಿಲ್ಲಿಸಿದರು.

"ಇದು ಭಾಳ ಚಂದ ಐತಿ ಸುಚೇತಾ. ಆದರ ನಾನು ನೀನು ಇಬ್ಬರ ಕೂತು ಅಯ್ಯೋ ಎಷ್ಟ ಚಂದ ಅನ್ನಾಕ ಚಂದ. ಜಾಂಗೊ ಹಂಗಲ್ಲ. ಅದನ್ನ ಹೇಳಿಕೊಡಬಹುದು."

ನಿಮ್ಮನ್ನೇ ಜೋಡಿ ಮಾಡುತ್ತೇನೆ ಅಂದೆ.

"ಜೋಡಿ ಬ್ಯಾಡ. ನನ್ನ ಟೀಚರ್ ಮಾಡು. ಅದು ನನಗ ಬರತೈತಿ."

ಓರಿಯೋಲಿನಲ್ಲಿ ಬರೆದದ್ದನ್ನೆಲ್ಲ ಪಕ್ಕಕ್ಕಿಟ್ಟು ಜಾಂಗೊದಲ್ಲಿ ಮೊದಲಿನಿಂದ ಬರೆದೆ. ಬೇಸರದ ಕೆಲಸವೆಂದುಕೊಂಡಿದ್ದೆ, ಆಗಲಿಲ್ಲ. ಬರೆಯುವ ಪ್ರತಿ ಸಾಲನ್ನೂ ಟೀಚರ್ ಹಾಲಿನಲ್ಲಿ ಓದಿ ಹೇಳುತ್ತಾರೆಂದು ಗೊತ್ತಿದ್ದರಿಂದ, ಕೈ ತಾನಾಗಿ ಸರಳವಾಗಿ ಬರೆಯುತ್ತಿತ್ತು. ಅರ್ಥವಾಗದ ಜಾಗ ಬಂದರೆ ನೀಲವ್ವ ಬಳೆ ಸದ್ದು ಮಾಡುತ್ತಿದ್ದಳು, ನಾನು ಅದನ್ನು ತಿದ್ದುತ್ತಿದ್ದೆ. ಪಾಳಿ ಅದಲುಬದಲಾಗುವ ಭಾಗವನ್ನು ಪೂರ್ತಿ ಅವಳೇ ಹಿಡಿದುಕೊಂಡಳು. ಹೆಸರುಗಳು ಎಲ್ಲಿ, ಹೇಗೆ ಕೂತಿರುತ್ತವೆ ಎಂಬುದು ಫಕೀರಪ್ಪಜ್ಜನಿಗೆ ಹಿಡಿಸಿತು. ಕುರಿಗಳನ್ನು ದೊಡ್ಡಿಯಲ್ಲಿ ಬೇರೆ ಬೇರೆ ಕೂಡುವ ಹಾಗೆ ಎಂದು ತನ್ನಷ್ಟಕ್ಕೆ ಅರ್ಥ ಮಾಡಿಕೊಂಡ. ಬಣ್ಣ, ಅಕ್ಷರ, ಎಲ್ಲಿ ಏನು ಕಾಣಬೇಕೆಂಬುದನ್ನು ಇನ್ನೊಂದು ಕುರ್ಚಿಯವರು ಕಲಿತರು. ಪೂರ್ತಿ ಯಾರಿಗೂ ಬರುತ್ತಿರಲಿಲ್ಲ. ದಸ್ತಗೀರ್ ಮಾತ್ರ ಆಗಾಗ ಬಂದು ನೋಡಿ, ಸರಿ ಇದೆ ಎಂದು ಹೇಳಿ ಹೋಗುತ್ತಿದ್ದರು.

ಚೂರುಚೂರಾಗಿ ಕಲಿತವರು ಸೇರಿ ಜೋಡಿಯಾಗುವುದಿಲ್ಲ ಎಂಬುದು ಸಿಸ್ಟರ್ ವಾದ. ಊರಿನಲ್ಲಿ ಯಾರೂ ಹಾಗೆ ಕಲಿತದ್ದನ್ನು ಅವರು ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ, ಅದಕ್ಕೇ ನೋಡಬೇಕಿತ್ತು. ದಸ್ತಗೀರ್ ಅಕ್ಕನ ಮಗಳ ಮದುವೆಗೆಂದು ಬೇರೆ ಊರಿಗೆ ಹೋಗುವ ದಿನ ನಾನೂ ಸೇತುವೆ ದಾಟಿ ಹೋಗಿ ನಿಲ್ಲುವುದೆಂದು ಮಾತಾಯಿತು. ಟೀಚರ್ ತಾವೂ ಬರುವುದಾಗಿ ಹೇಳಿದರು. ತಾವು ಊರಲ್ಲಿದ್ದರೆ ತಮ್ಮಿಂದ ಓಡಿತೋ ಚೂರುಚೂರಾಗಿ ಕಲಿತವರಿಂದ ಓಡಿತೋ ಹೇಗೆ ತಿಳಿಯುತ್ತದೆ ಎಂದರು. ಕಾಲೇಜಿನಲ್ಲಿ ಪ್ರಯೋಗ ಮಾಡಿಸಿದವರು. ಅವತ್ತು ಅವರ ಪಾಳಿ ಇರಲಿಲ್ಲ. ತಮ್ಮನ ಸ್ಕೂಟರಿನ ಹಿಂದೆ ಕೂತು ಬಂದರು.

ಸೇತುವೆಯಾಚೆ ಒಂದು ಹುಣಸೆ ಮರ. ಅದರ ಕೆಳಗೆ ಕೂತೆವು. ಟೀಚರ್ ಒಂದು ಚಿಗುರು ಕಿತ್ತು, ಪಥ್ಯದಲ್ಲಿ ತಿನ್ನುವಂತಿರಲಿಲ್ಲವಾಗಿ, ಮೂಸಿ ನೋಡಿ ಕೈಯಲ್ಲೇ ಇಟ್ಟುಕೊಂಡರು. ನಾನು ಮಾಡಿದ ಒಂದು ಕೆಲಸ ನನ್ನನ್ನು ಬಿಟ್ಟು ನಡೆಯಲಿ ಎಂದು ಅಷ್ಟು ಆಸೆಪಟ್ಟದ್ದು ಅದೇ ಮೊದಲು. ಸಿಸ್ಟರ್ ಫೋನ್ ಬಂತು. "ಓಡಾಕತ್ತೈತ್ರಿ" ಎಂದರು. ಬಿಳಿಯಾಗಲೇ ಇಲ್ಲ, ನಾನು ಕಣ್ಣು ತೆಗೆಯದೆ ನೋಡುತ್ತಿದ್ದೆ ಎಂದೂ ಸೇರಿಸಿದರು. ಟೀಚರ್‌ಗೆ ಹೇಳಿದೆ. ಅವರು ನೆಲಕ್ಕೆ ಕೈಯೂರಿ ನಿಧಾನವಾಗಿ ಎದ್ದರು, ಸೀರೆಗೆ ಅಂಟಿದ ಧೂಳು ಕೊಡವಿಕೊಂಡರು. ಹಾಗಾದರೆ ಇಬ್ಬರಿಗೆ ಪೂರ್ತಿ ಗೊತ್ತಿರಬೇಕು ಅಂತ ನಮಗೆ ಹೇಳಿದವರು ಯಾರು ಎಂದು ಕೇಳಿದರು.

ಕೆಲವು ದಿನಕ್ಕೆ ನಾನು ಆ ಊರು ಬಿಟ್ಟೆ. ಬೇರೆ ಕೆಲಸಗಳು ಬಂದವು. ಆಗಾಗ ಸುದ್ದಿ ಬರುತ್ತಿತ್ತು. ಗಿರಣಿಯ ಬೀಗರಲ್ಲಿ ಒಬ್ಬರು ಮಕ್ಕಳು, ಸೊಸೆ, ಹಮಾಲರು ಎಲ್ಲರಿಗೂ ಒಂದಿಷ್ಟೊಂದಿಷ್ಟು ಕಲಿಸಿ, ಜೀವನದಲ್ಲಿ ಮೊದಲ ಸಲ ಸಮುದ್ರ ನೋಡಿ ಬಂದರಂತೆ. ಟೀಚರ್ ಕಾಲೇಜಿನವರನ್ನು ಒಪ್ಪಿಸಿ, ತಕ್ಕಡಿಯ ಬಗ್ಗೆ ಹುಡುಗಿಯರಿಗೆ ಪಾಠ ಹೇಳಲು ವಾರಕ್ಕೊಮ್ಮೆ ಹೋಗತೊಡಗಿದರಂತೆ.

ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಸಿಸ್ಟರ್ ಫೋನ್ ಮಾಡಿದರು. ಕುಮುದಿನಿ ಟೀಚರ್ ತೀರಿಕೊಂಡಿದ್ದರು, ಮನೆಯಲ್ಲೇ, ಬೆಳಗಿನ ಹೊತ್ತು. ಸುದ್ದಿ ಬಂದಾಗ ಹಾಲಿನಲ್ಲಿ ಮೊದಲ ಪಾಳಿಯವರೆಲ್ಲ ಮಲಗಿದ್ದರಂತೆ. ಟೀಚರ್ ಅವರ ತಮ್ಮ ಬಂದು ಬಾಗಿಲಲ್ಲಿ ನಿಂತು ಹೇಳಿದ. ಒಬ್ಬರೂ ಅವನ ಮುಖ ನೋಡಲಿಲ್ಲ. ಎಲ್ಲರೂ ಒಟ್ಟಿಗೆ ತಲೆಯೆತ್ತಿ ಟಿ.ವಿ. ನೋಡಿದರು. ನಾನೂ ಅದನ್ನೇ ನೋಡಿದೆ ಎಂದರು ಸಿಸ್ಟರ್. ಹೆಸರುಗಳು ಸಾಲಾಗಿ ಇದ್ದ ಹಾಗೆಯೇ ಇದ್ದವು. ಆಮೇಲೆ, ನೋಡಿದ್ದಕ್ಕೆ ಎಲ್ಲರಿಗೂ ನಾಚಿಕೆಯಾಗಿ ತಲೆ ತಗ್ಗಿಸಿದರಂತೆ. ಫಕೀರಪ್ಪಜ್ಜ, ನಾವೆಂಥ ಜನ, ಆಕೆ ಹೋದ ಸುದ್ದಿ ಕೇಳಿ ಇದನ್ನು ನೋಡಿದೆವಲ್ಲ ಎಂದು ಅಳತೊಡಗಿದನಂತೆ.

ಆಗ ನೀಲವ್ವ ಖಾಲಿ ಕೈಯಿಂದ ಕಣ್ಣೊರೆಸಿಕೊಂಡು ಹೇಳಿದ್ದನ್ನು ಸಿಸ್ಟರ್ ನನಗೆ ಅವಳ ಮಾತಿನಲ್ಲೇ ಹೇಳಿದರು: "ಅಳಬ್ಯಾಡೋ ಯಜ್ಜಾ. ಟೀಚರ್ ಇದ್ದಿದ್ರ ಅವರೂ ಮೊದಲ ಅದನ್ನ ನೋಡತಿದ್ರು."